ಗಿರಣಿ ಮೊದಲು, ನಕ್ಷೆ ಆಮೇಲೆ

ಹಳೇ ಹುಬ್ಬಳ್ಳಿಯ ಓಣಿಯ ಕಾರದ ಗಿರಣಿಯನ್ನೋ ಬೆಟಗೇರಿಯ ಮನೆಯೊಳಗಿನ ಮಗ್ಗವನ್ನೋ ಯಾರಾದರೂ ‘ಅಕ್ರಮ’ ಎಂದರೆ ನನಗೆ ಸಿಟ್ಟು ಬರುತ್ತದೆ. ಆ ಜಾಗಕ್ಕೆ ನಗರದ ಮಹಾಯೋಜನೆಯ ನಕ್ಷೆಯಲ್ಲಿ ವಸತಿ ವಲಯದ, ಅಂದರೆ ಮನೆಗಳಿಗೆಂದು ಗುರುತಿಸಿದ ಪ್ರದೇಶದ, ಹಳದಿ ಬಳಿದದ್ದು ಆಮೇಲೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ 1961ರದ್ದು. ಹುಬ್ಬಳ್ಳಿ-ಧಾರವಾಡ ಒಂದೇ ಪಾಲಿಕೆಯಾದದ್ದು 1962ರಲ್ಲಿ. ಇಲ್ಲಿನ ಪೇಟೆಗಳು ಅದಕ್ಕೂ ಎಷ್ಟೋ ಹಳೆಯವು.

ಅಮೆರಿಕದಲ್ಲಿ ಇಡೀ ನಗರಕ್ಕೆ ಮೊದಲು ವಲಯ ನಿಯಮ ತಂದ ನ್ಯೂಯಾರ್ಕ್‌ಗೂ 1916ರಲ್ಲಿ ಇದೇ ತೊಡಕು ಇತ್ತು. ಮೊದಲಿನಿಂದ ಇದ್ದದ್ದು ಇರಲಿ ಎಂದರು. ಅಲ್ಲಿನ ಬಹುತೇಕ ಊರುಗಳಲ್ಲಿ ಇದಕ್ಕೆ ಷರತ್ತುಗಳಿವೆ: ವಿಸ್ತರಿಸುವಂತಿಲ್ಲ, ಬಹುಕಾಲ ಬಾಗಿಲು ಹಾಕಿದರೆ ಹಕ್ಕು ಹೋಯಿತು, ಕಟ್ಟಡ ಅರ್ಧಕ್ಕಿಂತ ಹೆಚ್ಚು ಹಾಳಾದರೆ ಎಷ್ಟೋ ಕಡೆ ಹೊಸ ನಿಯಮದಂತೆಯೇ ಕಟ್ಟಬೇಕು. ತಾನಾಗಿಯೇ ಸಾಯಲಿ ಎಂಬ ಲೆಕ್ಕಾಚಾರವೇನೋ ಹೌದು. ಆದರೂ ಮೊದಲೇ ಇದ್ದವನನ್ನು ನಿಯಮ ಮುರಿದವನ ಸಾಲಿನಲ್ಲಿ ನಿಲ್ಲಿಸುವುದಿಲ್ಲ.

ನಮ್ಮ ಮಾತುಕತೆಯಲ್ಲಿ ಆ ಭೇದವೇ ಇಲ್ಲ. ಅಕ್ರಮ-ಸಕ್ರಮ ಯೋಜನೆ ನೋಡಿ. ಕಟ್ಟಡದ ಸುತ್ತ ಬಿಡಬೇಕಾದ ಜಾಗವನ್ನು ವಸತಿ ಕಟ್ಟಡ ಶೇ 50ರವರೆಗೆ, ವಾಣಿಜ್ಯ ಕಟ್ಟಡ ಶೇ 25ರವರೆಗೆ ನುಂಗಿದ್ದರೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಚನೆ ಅದು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು, ಒಳ್ಳೆಯದೇ ಆಯಿತು. ನಿಯಮ ಗೊತ್ತಿದ್ದೂ ಮುರಿದವನಿಗೆ ಸರ್ಕಾರ ದಾರಿ ಹುಡುಕುತ್ತದೆ. ನಿಯಮಕ್ಕಿಂತ ಹಿರಿಯನಾದವನು ಕಾಗದ ಹುಡುಕುತ್ತಾ ಅಲೆಯುತ್ತಾನೆ.

ಆ ಕಾಗದವಾದರೂ ಎಲ್ಲಿದೆ? ಸಿಟಿಎಸ್ ಉತಾರದಲ್ಲಿ, ಅಂದರೆ ನಗರ ಸರ್ವೆಯ ಆಸ್ತಿ ದಾಖಲೆಯಲ್ಲಿ, ಮಾಲೀಕರ ಹೆಸರು, ಜಾಗದ ಅಳತೆ ಸಿಗುತ್ತದೆ. ಒಳಗೆ ಗಿರಣಿ ಯಾವಾಗಿನಿಂದ ಓಡುತ್ತಿದೆ ಎಂಬುದು ಸಿಗುವುದಿಲ್ಲ. ಅಜ್ಜನ ಕಾಲದ ಲೈಟ್ ಬಿಲ್ಲನ್ನು ಯಾರು ಎತ್ತಿಟ್ಟಿರುತ್ತಾರೆ?

ಮನೆಗಳ ಪಾಡು ಇನ್ನೂ ಕಷ್ಟ. 2019ರ ಆಗಸ್ಟ್ ಮಳೆಗೆ ನಮ್ಮ ಕಡೆ ಎಷ್ಟೋ ಮಣ್ಣಿನ ಗೋಡೆಗಳು ಕುಸಿದವು. ಪೇಟೆಯೊಳಗಿನ ಮನೆಗಳು ಗೋಡೆಗೆ ಗೋಡೆ ಹಚ್ಚಿ ಕಟ್ಟಿದವು. ಅಣ್ಣತಮ್ಮಂದಿರ ಪಾಲಾಗಿ ಅಗಲ ಇನ್ನಷ್ಟು ಕಿರಿದಾಗಿರುತ್ತದೆ. ಅಂಥದ್ದೊಂದು ಬಿದ್ದರೆ ಹೊಸದಕ್ಕೆ ಹೊಸ ಪರವಾನಗಿ ಬೇಕು. ಇಂದಿನ ಬಡಾವಣೆಯ ನಿವೇಶನಕ್ಕೆ ಹೊಂದುವ, ಸುತ್ತ ಜಾಗ ಬಿಡುವ ಅಳತೆಯನ್ನು ಅಲ್ಲಿಗೂ ಹಿಡಿದರೆ ಉಳಿಯುವುದು ಪಡಸಾಲೆಯಷ್ಟೇ. ಹಾಗಾಗಿ ಜನ ರಿಪೇರಿ ಎಂದು ಹೇಳಿ ರಾತ್ರೋರಾತ್ರಿ ಗೋಡೆ ಎಬ್ಬಿಸುತ್ತಾರೆ. ಅವರನ್ನು ಆ ದಾರಿಗೆ ತಳ್ಳಿದ್ದು ನಿಯಮವೇ.

ಹಳೆಯದು ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಸಹಿಸಬೇಕು ಎನ್ನುತ್ತಿಲ್ಲ. ಕಾರದ ಘಾಟಿಗೆ ಪಕ್ಕದ ಮನೆಯ ಮಗು ಕೆಮ್ಮುತ್ತಿದ್ದರೆ ಗಿರಣಿಯವರು ಧೂಳು ತಡೆಯಲೇಬೇಕು, ರಾತ್ರಿ ಯಂತ್ರ ನಿಲ್ಲಿಸಲೇಬೇಕು. ಮುಂದಿನ ಮಹಾಯೋಜನೆಗೆ ಬಣ್ಣ ಬಳಿಯುವ ಮೊದಲು ಪಾಲಿಕೆಯವರು ಓಣಿ ಓಣಿ ಸುತ್ತಿ, ಯಾವ ಕಸುಬು ಎಲ್ಲಿ, ಎಂದಿನಿಂದ ಇದೆ ಎಂದು ನೆರೆಹೊರೆಯವರ ಹೇಳಿಕೆ ಸಮೇತ ದಾಖಲಿಸಿ, ಪ್ರತಿಯೊಬ್ಬರ ಕೈಗೂ ಒಂದು ಪ್ರತಿ ಕೊಡಲಿ.