ಮುಳ್ಳಯ್ಯನಗಿರಿಗೆ ಸಕುಟುಂಬ ಆರೋಹಣ

ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸಮುದ್ರಮಟ್ಟದಿಂದ 1,930 ಮೀಟರ್ ಎಂಬುದು ಶಾಲೆಯ ಮಕ್ಕಳಿಗೂ ಬಾಯಿಪಾಠ. ಅದರಲ್ಲಿ ಕಾಲಿನ ಪಾಲೆಷ್ಟು, ಕಾರಿನ ಪಾಲೆಷ್ಟು ಎಂಬ ವಿಭಾಗಪತ್ರವನ್ನು ಮಾತ್ರ ಯಾರೂ ಇನ್ನೂ ಬರೆದಂತಿಲ್ಲ. ಚಿಕ್ಕಮಗಳೂರು ಪಟ್ಟಣವೇ ಸಾವಿರ ಮೀಟರಿಗಿಂತ ಮೇಲಿದೆ. ಅಲ್ಲಿಂದ ಕೈಮರದ ಚೆಕ್‌ಪೋಸ್ಟ್ ದಾಟಿ, ಸೀತಾಳಯ್ಯನಗಿರಿಯನ್ನು ಹಾದು, ರಸ್ತೆ ಶಿಖರದ ಕೊರಳಿನವರೆಗೂ ಏರುತ್ತದೆ. ಆಮೇಲೆ ಉಳಿಯುವುದು ನಾಲ್ಕೈದು ನೂರು ಮೆಟ್ಟಿಲು. ಆದರೂ ಹಾರ ಬೀಳುವುದು ಎಂಜಿನ್ನಿಗಲ್ಲ, ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಎರಡು ಬೆರಳೆತ್ತಿ ನಿಂತ ಕುಟುಂಬಕ್ಕೆ.

ಸಾಲು ರಜೆ ಬಂದಾಗ ಈ ಆರೋಹಣದ ಕಷ್ಟವನ್ನು ಕಣ್ಣಾರೆ ನೋಡಬೇಕು. ಬೆಂಗಳೂರಿನ ದಟ್ಟಣೆಯಿಂದ ತಪ್ಪಿಸಿಕೊಳ್ಳಲೆಂದು ನಡುರಾತ್ರಿಯೇ ಹೊರಟ ಸಂಸಾರವು, ಅದೇ ಕಾರಣಕ್ಕೆ ಅದೇ ಹೊತ್ತಿಗೆ ಹೊರಟ ಉಳಿದೆಲ್ಲ ಸಂಸಾರಗಳನ್ನು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತವಿರುವ ಕಿರಿದಾದ ತಿರುವಿನಲ್ಲಿ ಬಂಪರಿಗೆ ಬಂಪರು ತಾಗುವಷ್ಟು ಆತ್ಮೀಯವಾಗಿ ಭೇಟಿಯಾಗುತ್ತದೆ. ಚಾರಣಕ್ಕೆಂದೇ ಕೊಂಡ ದಪ್ಪ ಅಟ್ಟೆಯ ಬೂಟುಗಳಿಂದ ಯಜಮಾನರು ಗಂಟೆಗಟ್ಟಲೆ ಕ್ಲಚ್ಚು ತುಳಿಯುತ್ತಾರೆ. ಕೊನೆಗೆ ಮಕ್ಕಳು ತಾಯಿಯೊಂದಿಗೆ ಮೆಟ್ಟಿಲು ಹತ್ತುತ್ತಾರೆ, ಮಂಡಿನೋವಿನ ಅಜ್ಜಿ ಕಾರಿನಲ್ಲೇ ಕುಳಿತು ಚಕ್ಕುಲಿ ಡಬ್ಬಿ ಕಾಯುತ್ತಾರೆ, ಯಜಮಾನರು ನಿಲುಗಡೆಗೆ ಜಾಗ ಹುಡುಕುತ್ತ ಮತ್ತೆ ಅರ್ಧ ಬೆಟ್ಟ ಇಳಿದಿರುತ್ತಾರೆ. ಹಣ ಖರ್ಚು ಮಾಡಿದವರೊಬ್ಬರನ್ನು ಬಿಟ್ಟು ಉಳಿದವರು ಶಿಖರ ಮುಟ್ಟುವ ಈ ಪದ್ಧತಿ ನಮ್ಮ ಕುಟುಂಬ ವ್ಯವಸ್ಥೆಯ ತ್ಯಾಗಗುಣಕ್ಕೆ ತಕ್ಕದ್ದೇ ಆಗಿದೆ. ಸರ್ಪದಾರಿಯೆಂಬ ಕಾಲುಹಾದಿಯಲ್ಲಿ ಬೆವರು ಸುರಿಸುತ್ತ ಏರಿಬರುವ ಕೆಲವರೂ ಇದ್ದಾರೆ. ಅವರಿಗೆ ವಾಹನ ಸಿಗಲಿಲ್ಲವೇನೋ ಎಂದು ಕಾರಿನವರು ಮರುಗುತ್ತಾರೆ.

ಶಿಖರದಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆಯಿದೆ. ಅವರು ಇಲ್ಲಿ ತಪಸ್ಸು ಮಾಡಿದರೆಂಬುದು ಪ್ರತೀತಿ. ಆಗ ಕಾಲ ಒಳ್ಳೆಯದಿತ್ತು. ಈಗಾಗಿದ್ದರೆ ಸ್ವಾಮಿಗಳು ಬೆಳಗಿನ ಪಾಳಿಯ ತಪಸ್ಸೋ ಮಧ್ಯಾಹ್ನದ ಪಾಳಿಯ ತಪಸ್ಸೋ ಎಂದು ಮೊದಲೇ ತಿಳಿಸಬೇಕಾಗುತ್ತಿತ್ತು. ನೂಕುನುಗ್ಗಲು ತಾಳಲಾರದೆ ಜಿಲ್ಲಾಡಳಿತವು 2025ರಲ್ಲಿ ವಾಹನಗಳಿಗೆ ಆನ್‌ಲೈನ್ ನೋಂದಣಿಯನ್ನೂ ಪಾಳಿಯನ್ನೂ ಜಾರಿಗೆ ತಂದಿತು. ಅಗತ್ಯವಿದ್ದ ಕ್ರಮವೇ, ಅಲ್ಲಗಳೆಯುವಂತಿಲ್ಲ. ಆದರೆ ಮಂಜು ಮಾತ್ರ ನೋಂದಣಿ ಮಾಡಿಸದೆ ಬರುತ್ತದೆ, ಹೊತ್ತು ಮೀರಿದರೂ ಹೋಗುವುದಿಲ್ಲ. ಹಣ ಕಟ್ಟಿ ಬಂದವರಿಗೆ ನೋಟ ಕಾಣಿಸದ ಬೆಟ್ಟದ ಮೇಲೆ ಕೆಲವರಿಗೆ ಸಿಟ್ಟೂ ಬರುತ್ತದೆ. ಮಂಜು ಸರಿದು ಕಣಿವೆ ತೆರೆದುಕೊಂಡ ಕ್ಷಣದಲ್ಲಾದರೂ ಅವರು ಅದನ್ನು ನೋಡುತ್ತಾರೆಯೇ ಎಂದರೆ, ಇಲ್ಲ. ಸೆಲ್ಫಿಗಾಗಿ ಅದಕ್ಕೆ ಬೆನ್ನು ತಿರುಗಿಸುತ್ತಾರೆ.

ಬೆಟ್ಟದ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡು ಮತ್ತು ಹುಲ್ಲುಗಾವಲು ಮಳೆನೀರನ್ನು ಹಿಡಿದಿಟ್ಟು, ಬೇಸಿಗೆಯಲ್ಲೂ ಹಳ್ಳಗಳಿಗೆ ಹನಿಹನಿಯಾಗಿ ಬಿಡುವ ಕೆಲಸವನ್ನು ಯುಗಗಳಿಂದ ಸಂಬಳವಿಲ್ಲದೆ ಮಾಡಿಕೊಂಡು ಬಂದಿವೆ. ಈಚೆಗೆ ಅವುಗಳಿಗೆ ಚಿಪ್ಸ್ ಪೊಟ್ಟಣ ಮತ್ತು ನೀರಿನ ಬಾಟಲಿಗಳನ್ನು ಹಿಡಿದಿಡುವ ಹೆಚ್ಚುವರಿ ಹೊಣೆಯನ್ನೂ ವಹಿಸಲಾಗಿದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2022ರಲ್ಲಿ ಈ ಚಂದ್ರದ್ರೋಣ ಶ್ರೇಣಿಯನ್ನು ತುಂಬಿದಾಗ, ಅಷ್ಟು ವರ್ಷ ಕಾದ ಹೂವಿಗೆ ಬೇಸರವಾಗದಿರಲೆಂದು ಜನ ಅದರ ಮಧ್ಯೆಯೇ ಹೋಗಿ ಕುಳಿತರು, ಕಿತ್ತು ಮುಡಿಗೂ ಇಟ್ಟುಕೊಂಡರು.

ಇಷ್ಟಾದರೂ ಪ್ರವಾಸಿಗರ ಕುಂದುಕೊರತೆಗಳು ತೀರಿಲ್ಲ. ಆದ್ದರಿಂದ ಸಂಬಂಧಪಟ್ಟವರಲ್ಲಿ ಒಂದು ವಿನಂತಿ: ರಸ್ತೆಯನ್ನು ಗುಡಿಯ ಬಾಗಿಲಿನವರೆಗೆ ಒಯ್ದು, ಮೆಟ್ಟಿಲುಗಳನ್ನು ತೆಗೆಸಿ, ತುದಿಯನ್ನು ತುಸು ಸವರಿ ಸಮತಟ್ಟು ಮಾಡಿ ಎರಡು ಹಂತದ ವಾಹನ ನಿಲುಗಡೆ ಕಟ್ಟಿಸಬೇಕು. ಸವರಿದ್ದರಿಂದ ಎತ್ತರ ಎಷ್ಟೇ ಕಡಿಮೆಯಾದರೂ ‘1,930 ಮೀಟರ್’ ಎಂಬ ಫಲಕವನ್ನು ಮಾತ್ರ ತಿದ್ದಬಾರದು. ಫೋಟೊಕ್ಕೆ ಅದು ಬೇಕಾಗುತ್ತದೆ.