ಕೆಲವು ಆ್ಯಂಟಿಬಯಾಟಿಕ್ ಮಾತ್ರೆಗಳಿಂದ ಬುದ್ಧಿ ಕದಡಬಹುದು: ಈ ಒಂದು ಮಾತು ಹೇಳೋಕೆ ಏನು ಕಷ್ಟ?

ಇವತ್ತು ಸಂಜೆ ಮೆಡಿಕಲ್ ಶಾಪಿನಲ್ಲಿ ನೋಡಿದ್ದಕ್ಕೆ ಇನ್ನೂ ಸಿಟ್ಟು ಇಳಿದಿಲ್ಲ. ಎಪ್ಪತ್ತು ದಾಟಿದ ಅಜ್ಜ ಒಬ್ಬರು ಉರಿಮೂತ್ರ ಅಂತ ಬಂದರು. ಕೈಯಲ್ಲಿ ಡಾಕ್ಟರ್ ಚೀಟಿ ಇರಲಿಲ್ಲ. ಅಂಗಡಿ ಹುಡುಗ ಲೆವೊಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯಾಟಿಕ್ ಸ್ಟ್ರಿಪ್ಪಿಗೆ ಕತ್ತರಿ ಹಾಕಿ ಐದು ಮಾತ್ರೆ ಕವರಿಗಿಟ್ಟ. ಔಷಧದ ಹೆಸರಿದ್ದ ತುಂಡು ಡಬ್ಬಿಗೇ ವಾಪಸ್ ಹೋಯ್ತು. "ಊಟ ಆದ್ಮೇಲೆ ದಿನಕ್ಕೊಂದು, ಅಜ್ಜ." ಮಾತು ಅಷ್ಟಕ್ಕೇ ಮುಗೀತು.

ಶುಗರ್ ಇದೆಯಾ ಅಂತ ನಾನೇ ಕೇಳಿದೆ. ಇದೆಯಂತೆ, ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ತಗೋತಾರಂತೆ. ಈ ಎರಡೂ ಒಟ್ಟಿಗೆ ಸೇರಿದರೆ ಶುಗರ್ ಒಮ್ಮೆಲೇ ಬಿದ್ದು ಪ್ರಜ್ಞೆ ತಪ್ಪಬಹುದು. "ಏನಾಗಲ್ಲ ಮೇಡಂ, ಎಲ್ಲರಿಗೂ ಇದನ್ನೇ ಕೊಡೋದು" ಅಂದ ಹುಡುಗ. ಲೆವೊಫ್ಲಾಕ್ಸಾಸಿನ್ ಶೆಡ್ಯೂಲ್ ಎಚ್‌1 ಔಷಧ, ಅಂದರೆ ಕಾನೂನಿನ ಬಿಗಿ ಪಟ್ಟಿಯಲ್ಲಿರೋದು. ಚೀಟಿ ಇಲ್ಲದೆ ಕೊಡುವ ಹಾಗೇ ಇಲ್ಲ, ಚೀಟಿ ನೋಡಿ ಕೊಟ್ಟರೂ ರಿಜಿಸ್ಟರಿನಲ್ಲಿ ಬರೆದಿಡಬೇಕು.

ಇಂಥ ಮಾತ್ರೆ ಇನ್ನೇನು ಮಾಡಬಹುದು ಅಂತ ನಮ್ಮ ದೊಡ್ಡಮ್ಮನ ವಿಷಯದಲ್ಲಿ ನೋಡಿದ್ದೇನೆ. ಲೆವೊಫ್ಲಾಕ್ಸಾಸಿನ್ ಗುಂಪಿನದೇ ಆದ ಸಿಪ್ರೊಫ್ಲಾಕ್ಸಾಸಿನ್ ಶುರುಮಾಡಿದ ಎರಡನೇ ರಾತ್ರಿ ಹಿತ್ತಿಲ ಬಾಗಿಲ ಚಿಲಕ ಹಿಡ್ಕೊಂಡು ನಿಂತುಬಿಟ್ಟಿದ್ದರು, ಹೊರಗೆ ಯಾರೋ ಕರೀತಿದಾರೆ ಅಂತ. ನನ್ನ ಮುಖ ನೋಡಿ "ನೀವು ಯಾರ ಪೈಕಿ?" ಅಂದರು. ಸಾಕಿ ಬೆಳೆಸಿದವರು ಹಾಗೆ ಕೇಳಿದಾಗ ಆಗುವ ಸಂಕಟ ಯಾರಿಗೂ ಬೇಡ. ಒಬ್ಬರು ಅರಳುಮರಳು ಅಂದರು, ಇನ್ನೊಬ್ಬರು ನಿಂಬೆಹಣ್ಣು ಇಳಿಸಿ ತೆಗೆದರು. ಆ ಮಾತ್ರೆ ನಿಲ್ಲಿಸಿ ಬೇರೆ ಆ್ಯಂಟಿಬಯಾಟಿಕ್ ಕೊಟ್ಟಿದ್ದು ಮತ್ತೊಬ್ಬ ಡಾಕ್ಟರ್. ಆಮೇಲೆ ದೊಡ್ಡಮ್ಮ ಮೊದಲಿನಂತಾದರು. ಮಾತ್ರೆ ಬರೆದವರು ಮೊದಲೇ ಒಂದು ಮಾತು ಹೇಳಿದ್ದರೆ ಆ ರಾತ್ರಿಗಳು ಬೇಕಿತ್ತಾ?

ಇದೇನು ಗುಟ್ಟಿನ ವಿಷಯ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲೇ ಈ ಗುಂಪಿನ (ಫ್ಲೋರೋಕ್ವಿನೊಲೋನ್) ಔಷಧಗಳ ಲೇಬಲ್ಲಿನಲ್ಲಿ ಮಾನಸಿಕ ಅಡ್ಡಪರಿಣಾಮಗಳನ್ನು ಪ್ರತ್ಯೇಕವಾಗಿ ಬರೆಯಬೇಕು ಅಂತ ಹೇಳಿತು: ಗಮನ ನಿಲ್ಲದಿರುವುದು, ದಿಕ್ಕು ತೋಚದಿರುವುದು, ತಳಮಳ, ಮರೆವು, ಸನ್ನಿ. ಮಿದುಳನ್ನು ಶಾಂತವಾಗಿಡುವ ಗಾಬಾ ಅನ್ನೋ ರಾಸಾಯನಿಕದ ಕೆಲಸಕ್ಕೆ ಇವು ಅಡ್ಡ ಬರುತ್ತವೆ ಅನ್ನೋದು ಒಂದು ಕಾರಣ. ಬುದ್ಧಿ ಕದಡಬಲ್ಲ ಆ್ಯಂಟಿಬಯಾಟಿಕ್‌ಗಳು ಬೇರೆ ಗುಂಪುಗಳಲ್ಲೂ ಇವೆ. ಕ್ಲಾರಿಥ್ರೊಮೈಸಿನ್‌ನಿಂದ ಅಪರೂಪಕ್ಕೆ ಉನ್ಮಾದ ಬಂದದ್ದಿದೆ. ಕಿಡ್ನಿ ಸೋತವರಿಗೆ ಸೆಫೆಪೈಮ್ ಡೋಸ್ ಹೆಚ್ಚಾದರೆ ಮಂಪರು, ಗೊಂದಲ ಬರುತ್ತೆ.

ಹೇಳಿದರೆ ಜನ ಹೆದರಿ ಮಾತ್ರೆ ಅರ್ಧಕ್ಕೇ ಬಿಡ್ತಾರೆ ಅಂತಾರೆ ಕೆಲವರು. ಹಾಗಾದರೆ ಕ್ಷಯಕ್ಕೆ ಸೈಕ್ಲೋಸೆರಿನ್ ಕೊಡುವಾಗ ಖಿನ್ನತೆ, ಭ್ರಮೆ ಬರಬಹುದು ಅಂತ ಹೇಗೆ ಎಚ್ಚರಿಸ್ತಾರೆ? ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ? ವಯಸ್ಸಾದವರಿಗೆ ಸೋಂಕಿನಿಂದಲೂ ಬುದ್ಧಿ ಕದಡುತ್ತೆ, ನಿಜ. ಯಾವುದರಿಂದ ಆಯ್ತು ಅಂತ ಡಾಕ್ಟರ್ ನೋಡಲಿ. ಆದರೆ ಮಾತ್ರೆಯ ಮೇಲೂ ಅನುಮಾನ ಪಡಬಹುದು ಅಂತಲೇ ಗೊತ್ತಿಲ್ಲದ ಮನೆಯವರು ಡಾಕ್ಟರ್ ಹತ್ತಿರ ಏನಂತ ಹೇಳಬೇಕು?

ಮಾತ್ರೆ ಬರೆಯೋರೇ, ಕೊಡೋರೇ, "ನಿದ್ದೆ ಕೆಟ್ಟರೆ, ಗಾಬರಿಯಾದರೆ, ಮಾತು ತೊದಲಿದರೆ, ಏನೇನೋ ಕಂಡರೆ ತಕ್ಷಣ ಫೋನ್ ಮಾಡಿ" ಅನ್ನಿ. ರೋಗಿಗೆ ಮಾತ್ರ ಅಲ್ಲ, ಜೊತೆಗಿರೋರಿಗೂ ಹೇಳಿ. ಮನೆಯವರೇ, ಹೀಗೇನಾದರೂ ಆದರೆ ಮೊದಲು ಡಾಕ್ಟರಿಗೆ ತಿಳಿಸಿ. ಆಮೇಲೆ 1800-180-3024ಕ್ಕೂ ಫೋನ್ ಮಾಡಿ, ಅದು ಔಷಧಗಳ ಅಡ್ಡಪರಿಣಾಮ ದಾಖಲಿಸುವ ಸರ್ಕಾರದ ಉಚಿತ ನಂಬರ್.