ಬರುತ್ತಂತೆ, ಜಿಪ್ಸಿ!

ಕನ್ನಡದಲ್ಲಿ ‘ಅಂತೆ’ ಅಂತ ಒಂದು ಬಾಲ ಇದೆ. ಯಾವ ಮಾತಿನ ಹಿಂದೆ ಬೇಕಾದರೂ ಕಟ್ಟಬಹುದು. ನಾಳೆ ಮಳೆ ಬರುತ್ತಂತೆ. ಕಾಳುಮೆಣಸಿನ ರೇಟು ಏರುತ್ತಂತೆ. ಮೇಲಿನ ಮನೆ ಹುಡುಗಿಗೆ ಗಂಡು ಗೊತ್ತಾಯಿತಂತೆ. ಹೇಳಿದವನ ತಲೆ ಮೇಲೆ ಭಾರವಿಲ್ಲ. ಸುದ್ದಿ ಸುಳ್ಳಾದರೂ ಅವನು ಸುಳ್ಳುಗಾರ ಅನ್ನಿಸಿಕೊಳ್ಳುವುದಿಲ್ಲ. ಈ ಬಾಲ ಕಟ್ಟಿಕೊಂಡು ನಮ್ಮ ಕಡೆ ಅತಿ ಹೆಚ್ಚು ಮೈಲಿ ಓಡಿರುವ ಗಾಡಿ ಯಾವುದು ಗೊತ್ತಾ? ಮಾರುತಿ ಜಿಪ್ಸಿ.

“ಜಿಪ್ಸಿ ವಾಪಸ್ ಬರುತ್ತಂತೆ.”

ಮೊನ್ನೆ ಮತ್ತೆ ಕೇಳಿದೆ. ಮೂಡಿಗೆರೆ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಕಡುಬು ಮುಗಿದು ಬನ್ಸ್ ಮಾತ್ರ ಉಳಿದಿದ್ದ ಹೊತ್ತು. ಹೇಳಿದ್ದು ನಮ್ಮ ಭಾವ. ಭಾವನ ಹತ್ತಿರ ಜಿಪ್ಸಿ ಇಲ್ಲ, ಯಾವತ್ತೂ ಇರಲಿಲ್ಲ. ಮೇಜಿನ ಸುತ್ತ ಕೂತ ನಾಲ್ಕು ಜನರ ಹತ್ತಿರವೂ ಇರಲಿಲ್ಲ. ಆದರೂ ಎಲ್ಲರ ಬೆನ್ನು ನೆಟ್ಟಗಾಯಿತು. ಕಾಫಿ ಲೋಟ ಕೆಳಗಿಟ್ಟರು. ಹೋಟೆಲಿನವನೂ ಗಲ್ಲಾ ಬಿಟ್ಟು ಒಂದು ಹೆಜ್ಜೆ ಈಚೆ ಬಂದ.

ನಮ್ಮೂರಲ್ಲಿ ನಾಲ್ಕು ಚಕ್ರ ಇದ್ದು ಗುಡ್ಡ ಹತ್ತುವುದೆಲ್ಲ ಜೀಪೇ. ಯಾವ ಕಂಪನಿ ಮಾಡಿದರೂ ಜೀಪೇ. ಜಿಪ್ಸಿಗೆ ಮಾತ್ರ ಜಿಪ್ಸಿ ಅನ್ನುವ ಮರ್ಯಾದೆ. ಆ ಮರ್ಯಾದೆ ಅದರ ಶಕ್ತಿ ನೋಡಿ ಕೊಟ್ಟದ್ದಲ್ಲ. 1985ರ ಡಿಸೆಂಬರಿನಲ್ಲಿ ಅದು ಬಂದಾಗ ಇದ್ದದ್ದು 970 ಸಿಸಿಯ ಪೆಟ್ರೋಲ್ ಇಂಜಿನ್, 45 ಕುದುರೆ, ನಾಲ್ಕು ಗೇರು. ತಲೆ ಮೇಲೆ ಕ್ಯಾನ್ವಾಸು, ಹಿಂದೆ ಎದುರುಬದುರು ಎರಡು ಬೆಂಚು. ಎತ್ತಿನ ಗಾಡಿಯಿಂದ ಇದಕ್ಕೆ ಹತ್ತಿದವನಿಗೆ ನಾಲ್ಕೂ ಕಡೆಯ ಪಟ್ಟೆ ಸ್ಪ್ರಿಂಗು ಏನೂ ಹೊಸತು ಅನ್ನಿಸುತ್ತಿರಲಿಲ್ಲ. ಆದರೆ ಗಾಡಿ ಹಗುರ. ಒಂದು ಟನ್ನಿನ ಆಸುಪಾಸು. ಭಾರದ ಜೀಪು ಕೆಸರಿನಲ್ಲಿ ಎಮ್ಮೆ ಹಾಗೆ ಕೂತುಬಿಟ್ಟರೆ, ಇದು ಆಡಿನ ಹಾಗೆ ಪುಟಿದು ಆಚೆ ಹೋಗುತ್ತಿತ್ತು.

ಹಾಗಾದರೆ ಎಲ್ಲರೂ ಯಾಕೆ ಕೊಳ್ಳಲಿಲ್ಲ? ಪೆಟ್ರೋಲು, ಸ್ವಾಮಿ. ಗೊಬ್ಬರ, ಕಾಫಿ ಮೂಟೆ, ಹತ್ತು ಹನ್ನೆರಡು ಜನ ಆಳುಗಳು, ಅವರ ಬುತ್ತಿ, ಒಂದು ನಾಯಿ, ಇಷ್ಟನ್ನೂ ಏರಿಸಿಕೊಂಡು ಹೋಗುತ್ತಿದ್ದದ್ದು ಮಹೀಂದ್ರದ ಡೀಸೆಲ್ ಜೀಪು. ಮಳೆಗಾಲದಲ್ಲಿ ಅದರ ಟಯರಿಗೆ ಕಬ್ಬಿಣದ ಚೈನು ಬಿಗಿದರೆ ಮುಗಿಯಿತು, ಖಣಖಣ ಅನ್ನುತ್ತಾ ಎಲ್ಲಿಗೆ ಬೇಕಾದರೂ ಹತ್ತುತ್ತಿತ್ತು. ಇವತ್ತಿಗೂ ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗಳನ್ನು ಕುಲುಕಿಸಿ ಕರೆದುಕೊಂಡು ಹೋಗುವುದು ಆ ವಂಶದ ಗಾಡಿಗಳೇ. ದುಡಿಯುವ ಎತ್ತು ಅದು. ಜಿಪ್ಸಿ ಅಂದರೆ ದೊಡ್ಡ ತೋಟದವರು, ಪೊಲೀಸರು, ಸೈನ್ಯದವರು. ಸೈನ್ಯವೊಂದೇ 30,000ಕ್ಕೂ ಜಾಸ್ತಿ ಜಿಪ್ಸಿ ತೆಗೆದುಕೊಂಡಿತು. ನಮ್ಮ ಪಾಲಿಗೆ ಅದು ಎದುರಿನಿಂದ ಬರುವ ಗಾಡಿ. ಬಂದಾಗ ನಾವು ಚರಂಡಿ ಕಡೆಗೆ ಸರಿದು ನಿಲ್ಲುತ್ತಿದ್ದೆವು.

ನಾನು ಒಳಗೆ ಕೂತದ್ದು ಲೆಕ್ಕ ಹಾಕಿದರೆ ಮೂರೇ ಸಲ. ಅದರಲ್ಲಿ ಒಂದು ಸಲದ್ದು ಮಾತ್ರ ಹೇಳುತ್ತೇನೆ.

ಆಗ ನಾನು ಎಂಟನೇ ಕ್ಲಾಸು. ಜುಲೈ ತಿಂಗಳು. ಪಕ್ಕದ ದೊಡ್ಡ ತೋಟದ ಸಾಹುಕಾರರು ಶಾಲೆಯ ದಾರಿಯಲ್ಲಿ ನನ್ನನ್ನು ಹತ್ತಿಸಿಕೊಂಡರು. ಹಳೇ ಜಿಪ್ಸಿ. ಕ್ಯಾನ್ವಾಸಿನಲ್ಲಿ ಇದ್ದ ತೂತಿನ ಕೆಳಗೇ ನನಗೆ ಜಾಗ. ಹಳ್ಳದ ಹತ್ತಿರ ಕೆಸರಿನಲ್ಲಿ ಗಾಡಿ ನಿಂತಿತು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆ ಜಿಪ್ಸಿಯ ಮುಂದಿನ ಎರಡೂ ಚಕ್ರಗಳ ಹೊಕ್ಕುಳಲ್ಲಿ ಒಂದೊಂದು ತಿರುಪು ಗುಬುಟು ಇತ್ತು. ಒಂದು ಕಡೆ ತಿರುಗಿಸಿದರೆ ಚಕ್ರ ಬಿಡಿ, ಇನ್ನೊಂದು ಕಡೆಗೆ ತಿರುಗಿಸಿದರೆ ಲಾಕ್. ಲಾಕ್ ಮಾಡಿ, ಆಮೇಲೆ ಒಳಗಿನ ಎರಡನೇ ಸಣ್ಣ ಗೇರು ಎಳೆದರೆ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಟಾರು ರಸ್ತೆಯಲ್ಲಿ ಮುಂದಿನ ಆಕ್ಸಲ್ಲು ಸುಮ್ನೆ ತಿರುಗಿ ಪೆಟ್ರೋಲು ಕುಡಿಯಬಾರದು ಅಂತ ಈ ಏರ್ಪಾಡು. ಒಳ್ಳೆಯ ಏರ್ಪಾಡೇ. ತೊಂದರೆ ಇಷ್ಟೇ. ಅದನ್ನು ಕೆಸರಿಗೆ ಇಳಿಯುವ ಮೊದಲು ತಿರುಗಿಸಬೇಕು. ಮನುಷ್ಯನಿಗೆ ನೆನಪಾಗುವುದು ಹೂತ ಮೇಲೆ.

“ಇಳಿ ಮಗಾ, ಲಾಕ್ ಮಾಡು” ಅಂದರು ಸಾಹುಕಾರರು.

ಇಳಿದೆ. ಮೊಣಕಾಲುದ್ದ ಕೆಸರು. ಗುಬುಟು ಕೆಸರಿನ ಒಳಗೆಲ್ಲೋ ಇದೆ. ಕೈ ಹಾಕಿ ತಡಕಿದೆ. ಒಂದು ಸಿಕ್ಕಿತು, ತಿರುಗಿಸಿದೆ. ಆ ಕಡೆಗೆ ಹೋಗಿ ಇನ್ನೊಂದನ್ನೂ ತಿರುಗಿಸಿದೆ. ಸಾಹುಕಾರರು ಸಣ್ಣ ಗೇರು ಎಳೆದರು. ಗಾಡಿ ಒಂದು ಸಲ ಗುರ್ ಅಂದು, ಇನ್ನೂ ಆಳಕ್ಕೆ ಹೋಯಿತು. ನೋಡಿದರೆ ನಾನು ಒಂದು ಕಡೆ ಲಾಕ್ ಮಾಡಿ, ಇನ್ನೊಂದು ಕಡೆ ಲಾಕ್ ಆಗಿದ್ದನ್ನು ಬಿಡಿಸಿದ್ದೆ. ಅದು ಹೇಗೆ ಮೊದಲೇ ಲಾಕ್ ಆಗಿತ್ತು ಅಂತ ಕೇಳಬೇಡಿ. ಹಿಂದಿನ ಸಲ ಹೂತಾಗ ಯಾರೋ ನನ್ನ ಹಾಗೇ ಒಬ್ಬ ಹುಡುಗ ಇಳಿದಿದ್ದನೋ ಏನೋ. ಮತ್ತೆ ಇಳಿದೆ, ಮತ್ತೆ ತಡಕಿದೆ. ಈ ಸಲ ಗಾಡಿ ಒದರಿಕೊಂಡು ಮೇಲೆ ಬಂತು. ಆ ಬರುವಿಕೆ ಇದೆಯಲ್ಲ, ನಾಲ್ಕೂ ಚಕ್ರ ಒಟ್ಟಿಗೆ ನೆಲ ಹಿಡಿದು ಗಾಡಿಯನ್ನು ನಿಧಾನಕ್ಕೆ ಎತ್ತಿ ಆಚೆ ಇಟ್ಟಿದ್ದು, ಅದನ್ನು ನಾನು ಇನ್ನೂ ಮರೆತಿಲ್ಲ. ಶಾಲೆ ತಲುಪಿದಾಗ ಕಾಲಲ್ಲಿ ಏಳು ಇಂಬಳ ಇದ್ದವು. ಎಣಿಸಿದ್ದು ನಾನಲ್ಲ, ಪಕ್ಕದ ಬೆಂಚಿನವನು.

1996ರಲ್ಲಿ ಜಿಪ್ಸಿ ಕಿಂಗ್ ಬಂತು. 1.3 ಲೀಟರಿನ ಇಂಜಿನ್, 60 ಕುದುರೆ, ಐದನೇ ಗೇರು. 2000ದಲ್ಲಿ ಅದು 80 ಕುದುರೆಯಾಯಿತು. ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ರ್‍ಯಾಲಿ ನಡೆದಾಗ ಜಿಪ್ಸಿಗಳು ದಿಣ್ಣೆಯ ಮೇಲಿಂದ ನಾಲ್ಕೂ ಕಾಲು ನೆಲ ಬಿಟ್ಟು ಹಾರುವುದನ್ನು ನೋಡಲು ಜನ ಬೇಲಿ ಹತ್ತಿ ಕೂರುತ್ತಿದ್ದರು. ಆದರೆ ಬೇಲಿ ಇಳಿದು ಮನೆಗೆ ಹೋಗುವಾಗ ಮಾತಾಡುತ್ತಿದ್ದದ್ದು ಒಂದೇ. “ಇದಕ್ಕೊಂದು ಡೀಸೆಲ್ ಇಂಜಿನ್ ಹಾಕಿಬಿಟ್ಟರೆ...” ಅಲ್ಲಿಗೆ ವಾಕ್ಯ ನಿಲ್ಲುತ್ತಿತ್ತು. ಆ ಚುಕ್ಕಿಗಳ ಒಳಗೆ ನಮ್ಮೂರಿನ ಒಂದು ತಲೆಮಾರಿನ ಗಂಡಸರ ಕನಸು ಇತ್ತು. ಡೀಸೆಲ್ ಜಿಪ್ಸಿ ಬರುತ್ತಂತೆ ಅನ್ನುವ ಸುದ್ದಿ ವರ್ಷಕ್ಕೊಂದು ಸಲ, ಹೆಚ್ಚಾಗಿ ಕಾಫಿ ಕುಯ್ಲಿನ ದುಡ್ಡು ಕೈಗೆ ಬರುವ ಹೊತ್ತಿಗೆ, ತಪ್ಪದೆ ಬರುತ್ತಿತ್ತು. ಮಾರುತಿಯವರು ಅದನ್ನು ಮಾರಲೇ ಇಲ್ಲ. ಅದರಿಂದ ಸುದ್ದಿಗೆ ಏನೂ ಪೆಟ್ಟಾಗಲಿಲ್ಲ.

2019ರಲ್ಲಿ ಜಿಪ್ಸಿ ನಿಂತಿತು. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದ ಹಾಗೆ ಎಬಿಎಸ್ ಬೇಕು, ಏರ್‌ಬ್ಯಾಗ್ ಬೇಕು, ಡಿಕ್ಕಿ ಪರೀಕ್ಷೆ ಪಾಸಾಗಬೇಕು ಅಂತ ಹೊಸ ಕಾನೂನು ಬಂತು. ಅದರ ಬೆನ್ನಿಗೇ 2020ರ ಏಪ್ರಿಲಿನಿಂದ ಬಿಎಸ್ 6 ಹೊಗೆಯ ಲೆಕ್ಕ. ಮೂವತ್ತಮೂರು ವರ್ಷ ಹೆಚ್ಚು ಕಡಿಮೆ ಒಂದೇ ಮೈಕಟ್ಟಿನಲ್ಲಿ ಬದುಕಿದ ಗಾಡಿಗೆ ಇದೆಲ್ಲ ಎಲ್ಲಿಂದ ಸಾಧ್ಯ? ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುತ್ತಾರಲ್ಲ, ಹಾಗೇ ಆಯಿತು. ನಿಂತ ಮರುದಿನದಿಂದ ಜಿಪ್ಸಿಯ ಮೈಲೇಜು ಏರಿತು. ಭಾವನ ಬಾಯಲ್ಲಿ ಅದು ಈಗ ಲೀಟರಿಗೆ ಹದಿನೈದು ಕೊಡುತ್ತಿತ್ತು.

ಕಾಯುವವರಿಗೆ ಒಂದು ಆಧಾರವೂ ಇತ್ತು. ಜಿಪ್ಸಿ ಅಂದರೆ ಸುಜುಕಿಯ ಜಿಮ್ನಿ ಮನೆತನದ ಕುಡಿ. ಮೂಲಪುರುಷ 1970ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು, ಬರೀ 359 ಸಿಸಿ. ನಮ್ಮ ಮೋಟರ್ ಸೈಕಲುಗಳಿಗೆ ಇಡುವಷ್ಟು ಇಂಜಿನ್ ಇಟ್ಟುಕೊಂಡು ಅದು ಗುಡ್ಡ ಹತ್ತುತ್ತಿತ್ತು. 2018ರಲ್ಲಿ ಆ ಮನೆತನದ ನಾಲ್ಕನೇ ತಲೆ ಜಪಾನಿನಲ್ಲಿ ಬಂತು. ಚೌಕಾಕಾರದ ಮುಖ, ಗುಂಡು ಕಣ್ಣು, ಹಿಂದೆ ಸ್ಟೆಪ್ನಿ. ಫೋಟೊ ನೋಡಿದವರೆಲ್ಲ ಅಜ್ಜನ ಮೂಗು ಗುರುತಿಸಿದರು. 2020ರ ಆಟೊ ಎಕ್ಸ್‌ಪೋ ಅನ್ನುವ ಗಾಡಿಗಳ ಮೇಳದಲ್ಲಿ ಅದನ್ನು ತಂದು ನಿಲ್ಲಿಸಿದರು, ಆದರೆ ಮಾರಲಿಲ್ಲ. ಅಲ್ಲಿಂದ ಮೂರು ವರ್ಷ ನಮ್ಮ ಹೋಟೆಲಿನಲ್ಲಿ ಬನ್ಸಿನ ವ್ಯಾಪಾರ ಚೆನ್ನಾಗಿತ್ತು. ಮೂರು ಬಾಗಿಲಂತೆ. ಇಲ್ಲ, ಐದಂತೆ. ಜಿಪ್ಸಿ ಅಂತಲೇ ಹೆಸರಿಡುತ್ತಾರಂತೆ. ಎಂಟು ಲಕ್ಷವಂತೆ. ಒಬ್ಬರು ಮಗಳ ಮದುವೆಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲು ಮನಸ್ಸಿನಲ್ಲೇ ಬೇರೆ ಇಟ್ಟಿದ್ದರು. ಹೆಂಡತಿಗೆ ಹೇಳಿರಲಿಲ್ಲ, ನಮಗೆ ಹೇಳಿದ್ದರು.

ಆಮೇಲೆ ಒಂದು ಅನಾಹುತ ಆಯಿತು. ಗಾಡಿ ನಿಜವಾಗಿಯೂ ಬಂದುಬಿಟ್ಟಿತು.

2023ರ ಜನವರಿಯಲ್ಲಿ ತೋರಿಸಿದರು, ಜೂನ್ 7ಕ್ಕೆ ಬೆಲೆ ಹೇಳಿದರು. ಐದು ಬಾಗಿಲು. 1.5 ಲೀಟರ್ ಪೆಟ್ರೋಲ್. ಶುರುವಿನ ಬೆಲೆ 12.74 ಲಕ್ಷ. ಹೆಸರು ಜಿಮ್ನಿ. ಹೋಟೆಲಿನಲ್ಲಿ ಅವತ್ತು ಸಾವಿನ ಮನೆಯ ಮೌನ. ‘ಅಂತೆ’ ಹೋಗಿ ‘ಅದೆ’ ಬಂದಾಗ ಆಡುವುದಕ್ಕೆ ಮಾತೇ ಇರುವುದಿಲ್ಲ ನೋಡಿ. ದುಡ್ಡು ಇದೆಯೋ ಇಲ್ಲವೋ, ತಗೊಳ್ತೀಯೋ ಬಿಡ್ತೀಯೋ ಅನ್ನುವ ಕೆಟ್ಟ ಪ್ರಶ್ನೆ ಮಾತ್ರ ಉಳಿಯುತ್ತದೆ.

ಭಾವ ಮತ್ತು ನಾನು ಶೋರೂಮಿಗೆ ಹೋದೆವು. ಸೂಟು ಹಾಕಿದ ಹುಡುಗ ಬಾಗಿಲು ತೆರೆದು ಟಚ್‌ಸ್ಕ್ರೀನ್ ತೋರಿಸಿದ. ಆರು ಏರ್‌ಬ್ಯಾಗ್ ಅಂದ. ಏಸಿ ಹಾಕಿದ. ಭಾವ ಅದ್ಯಾವುದನ್ನೂ ನೋಡದೆ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತರು.

“ಏನು ಸಾರ್ ಹುಡುಕ್ತಿದೀರಿ?”

“ಗುಬುಟು ಎಲ್ಲಪ್ಪಾ?”

ಹುಡುಗನಿಗೆ ಅರ್ಥವಾಗಲಿಲ್ಲ. ಈಗ ಒಳಗೆ ಕೂತೇ ಗೇರು ಎಳೆದರೆ ಸಾಕು, ಇಳಿಯುವುದೇ ಬೇಡ ಅಂತ ನಾನು ವಿವರಿಸಿದೆ. ಭಾವನ ಮುಖದಲ್ಲಿ ನಿರಾಸೆ. ಇಳಿಯುವುದೇ ಬೇಡವಾದರೆ ಅದೆಂಥ ಜಿಪ್ಸಿ? ಆದರೂ ಗಾಡಿಗೆ ಅನ್ಯಾಯ ಮಾಡಬಾರದು. ಓಡಿಸಿ ನೋಡಿದೆ. ಅಚ್ಚುಕಟ್ಟು. ಏಣಿಯಂಥ ಲ್ಯಾಡರ್ ಚಾಸಿಸ್ಸು, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ಲು, ಕಡಿದಾದ ಏರಿಗೆ ಲೋ ರೇಂಜ್ ಗೇರು, ಬೇಕಾದ್ದು ಎಲ್ಲವೂ ಇದೆ. ಪಟ್ಟೆ ಹೋಗಿ ಕಾಯಿಲ್ ಸ್ಪ್ರಿಂಗು ಬಂದಿದೆ, ಸೊಂಟಕ್ಕೆ ಪುಣ್ಯ. ನನ್ನ ಕೇಳಿದರೆ ಹಳೇ ಜಿಪ್ಸಿಗಿಂತ ಎಲ್ಲದರಲ್ಲೂ ಒಳ್ಳೆಯ ಗಾಡಿ. ಈ ಮಾತನ್ನು ಭಾವನ ಎದುರು ಹೇಳಲಿಲ್ಲ.

“ಚಿಕ್ಕದಾಯ್ತು, ಈ ದುಡ್ಡಿಗೆ ದೊಡ್ಡ ಗಾಡಿನೇ ಬರುತ್ತೆ” ಅಂದರು ಭಾವ. ಊರೆಲ್ಲ ಅದನ್ನೇ ಹೇಳಿತು, ದೇಶವೂ ಅದನ್ನೇ ಹೇಳಿತು ಅಂತ ಕಾಣುತ್ತದೆ. ವರ್ಷ ಮುಗಿಯುವುದರೊಳಗೆ ಎರಡು ಲಕ್ಷ ಇಳಿಸಿ 10.74 ಲಕ್ಷಕ್ಕೆ ಕೊಡುವ ಹಾಗಾಯಿತು. ತಮಾಷೆ ಅಂದರೆ ಗುರುಗ್ರಾಮದಲ್ಲಿ ಕಟ್ಟುವ ಅದೇ ಐದು ಬಾಗಿಲಿನ ಗಾಡಿಯನ್ನು 2025ರಲ್ಲಿ ಜಿಮ್ನಿ ನೊಮೇಡ್ ಅಂತ ಜಪಾನಿಗೆ ಕಳಿಸಲು ಹೊರಟರು. ತಿಂಗಳಿಗೆ 1,200 ಹೋದರೆ ಸಾಕು ಅಂದುಕೊಂಡಿದ್ದರಂತೆ. ನಾಲ್ಕೇ ದಿನದಲ್ಲಿ ಸುಮಾರು 50,000 ಆರ್ಡರು ಬಂದು, ಬುಕಿಂಗ್ ನಿಲ್ಲಿಸಬೇಕಾಯಿತು. ಈ ‘ಅಂತೆ’ಗೆ ಮಾತ್ರ ನಾನು ಜವಾಬ್ದಾರಿ, ಇದು ನಿಜ. ನಮ್ಮ ಮನೆ ಹಿತ್ತಲ ಗಿಡ ನಮಗೆ ಮದ್ದಲ್ಲ, ಜಪಾನಿನವರಿಗೆ ಮದ್ದು.

ಸತ್ತು ಹುಟ್ಟುವ ಗಾಡಿಗಳ ಹಣೆಬರಹವೇ ಹೀಗೆ. ಇಂಗ್ಲೆಂಡಿನಲ್ಲಿ 2016ಕ್ಕೆ ಹಳೇ ಲ್ಯಾಂಡ್ ರೋವರ್ ಡಿಫೆಂಡರ್ ಕೊನೆಯಾಗಿ 2019ಕ್ಕೆ ಹೊಸದನ್ನು ತೋರಿಸಿದಾಗ, ಇದು ಡಿಫೆಂಡರೇ ಅಲ್ಲ ಅಂತ ಮೂಗು ಮುರಿದವರು ಎಷ್ಟೋ ಜನ. ನಮ್ಮಲ್ಲೇ 1991ರ ಟಾಟಾ ಸಿಯೆರಾ 2025ರ ನವೆಂಬರಿನಲ್ಲಿ ಮತ್ತೆ ಬಂತು. ಮೂರು ಬಾಗಿಲಿದ್ದದ್ದು ಐದಾಗಿದೆ. ಹಳೆಯದರ ಚಂದವೇ ಮೇಲಕ್ಕೆ ಬಾಗಿದ ಆ ದೊಡ್ಡ ಗಾಜು. ಹೊಸದರಲ್ಲಿ ಅದು ಹಾಗೆ ಕಾಣುವ ಹಾಗೆ ಮಾಡಿದ್ದಾರೆ. ಭಾವ ಅದನ್ನೂ ಹೋಗಿ ನೋಡಿ ಬಂದರು. ಗಾಜು ತಟ್ಟಿ ನೋಡಿದರಂತೆ.

ಈಗ ಹೋಟೆಲಿಗೆ ವಾಪಸ್ ಬರುತ್ತೇನೆ. “ಜಿಪ್ಸಿ ವಾಪಸ್ ಬರುತ್ತಂತೆ” ಅಂತ ಭಾವ ಹೇಳಿದರಲ್ಲ, ನನಗೆ ರೇಗಿತು.

“ಬಂದಿದೆಯಲ್ಲ ಭಾವ. ಜಿಮ್ನಿ. ನೀವೇ ನೋಡಿ ಬಂದ್ರಲ್ಲ.”

“ಅದಲ್ಲ ಮಾರಾಯ. ನಿಜವಾದ ಜಿಪ್ಸಿ. ಸಾಫ್ಟ್ ಟಾಪ್. ಮೂರೇ ಬಾಗಿಲು.”

“ಯಾರು ಹೇಳಿದ್ದು?”

“ಸಕಲೇಶಪುರದ ಮೇಸ್ತ್ರಿ. ಅವನಿಗೆ ಯಾರೋ ಹೇಳಿದ್ರಂತೆ.”

ಮೇಸ್ತ್ರಿಗೆ ಹೇಳಿದವನು ಯಾರು, ಅವನಿಗೆ ಹೇಳಿದವನು ಯಾರು ಅಂತ ಕೇಳಬಹುದಿತ್ತು. ಇವತ್ತಿನ ಕಾನೂನಿಗೆ ಆ ಕ್ಯಾನ್ವಾಸು, ಆ ಬೆಂಚು, ಆ ಗುಬುಟು ಯಾವುದೂ ಒಗ್ಗುವುದಿಲ್ಲ ಅಂತ ತಿಳಿಸಿ ಹೇಳಬಹುದಿತ್ತು. ಹೇಳಲು ಬಾಯಿ ತೆರೆದೆ ಕೂಡ. ಹೊರಗೆ ಮಳೆ ಹಿಡಿದುಕೊಂಡಿತ್ತು. ಹೋಟೆಲಿನವನು ಯಾರೂ ಕೇಳದಿದ್ದರೂ ಇನ್ನೊಂದು ಸುತ್ತು ಕಾಫಿ ತಂದಿಟ್ಟ. ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡೆ.

“ಡೀಸೆಲ್ಲಾ?” ಅಂತ ಕೇಳಿದೆ.